ಆಯೇರಿಗೆ ಬಂದ ಪ್ರೊಸೆಸರು

ಈ ನಾಡಿನಲ್ಲಿ ಸಮಾನತೆ ಯಾಕೆ ಬಂದಿಲ್ಲ ಎಂದು ನಾನು ಪ್ರತಿ ವಾರ ಪತ್ರಿಕೆಯಲ್ಲಿ ಬರೆಯುತ್ತೇನೆ. ಶಾಸಕರಿಗೆ ಬೈದಿದ್ದೇನೆ, ಸಕ್ಕರೆ ಕಾರ್ಖಾನೆಯವರಿಗೆ ಬೈದಿದ್ದೇನೆ, ಪುರಸಭೆಯವರಿಗಂತೂ ಬೈದು ಬೈದು ನನ್ನ ಪೆನ್ನಿನ ಮೂತಿಯೇ ಸೊಟ್ಟಗಾಗಿದೆ. ಇವರಲ್ಲಿ ಯಾರೂ ನನ್ನ ಕೂದಲು ಕೊಂಕಿಸಲಿಲ್ಲ (ಯಾರೂ ಓದಿರಲಿಕ್ಕಿಲ್ಲ, ಅದು ಬೇರೆ ಮಾತು). ಕಡೆಗೆ ನನ್ನನ್ನು ನೆಲಕ್ಕೆ ಕೆಡವಿದ್ದು ಬಿಸ್ಕೀಟಿನಷ್ಟು ಗಾತ್ರದ ಒಂದು ತುಂಡು. ಅದಕ್ಕೆ ಪ್ರೊಸೆಸರ್ ಅನ್ನುತ್ತಾರೆ. ಅದನ್ನು ಕಂಡುಹಿಡಿದ ಮಹಾಶಯನಿಗೆ ಸ್ವಂತ ಅಣ್ಣನೂ ಇರಲಿಲ್ಲ, ಹೆಂಡತಿಯ ತಮ್ಮನೂ ಇರಲಿಲ್ಲ ಅಂತ ಕಾಣುತ್ತದೆ. ಇದ್ದಿದ್ದರೆ ಆ ಪಾಪದ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ನಾನು ಸಾಲೆ ಕಲಿತದ್ದು ಎಂಟನೇ ಇಯತ್ತೆಯವರೆಗೆ. ಉಳಿದದ್ದನ್ನು ಚಿಕ್ಕೋಡಿ ವಾಚನಾಲಯದ ಬೆಂಚು ಕಲಿಸಿತು. ಮಾಸ್ತರರಿಲ್ಲದೆ ಕಲಿತದ್ದರಿಂದ ನನ್ನ ತಪ್ಪಿಗೆ ಕೆಂಪು ಗೆರೆ ಎಳೆಯುವವರು ಇರಲಿಲ್ಲ. ಅದಕ್ಕೇ ನನಗೆ ಇಷ್ಟು ಆತ್ಮವಿಶ್ವಾಸ. ಹೆಂಡತಿ ಜಿನಮತಿ ಕಾಗವಾಡದವಳು. ನನ್ನ ಒಂದು ಲೇಖನವನ್ನೂ ಪೂರ್ತಿ ಓದಿದವಳಲ್ಲ. "ಮನ್ಯಾಗ ಕೇಳೂದ ಸಾಕಾಗೇತಿ, ಮತ್ತ ರೊಕ್ಕಾ ಕೊಟ್ಟು ಯಾಕ ಓದ್ಲಿ?" ಅನ್ನುತ್ತಾಳೆ. ಒಬ್ಬಳೇ ಮಗಳು ಪ್ರಾಜಕ್ತಾ, ಬಿ.ಕಾಂ. ಕೊನೆಯ ವರ್ಷ.

ಈ ಮಗಳು ಕಂಪ್ಯೂಟರಿನಲ್ಲಿ ಬಂದೂಕಿನ ಆಟ ಆಡುತ್ತಾಳೆ. ನಮ್ಮದು ಇರುವೆ ತುಳಿದರೂ ಮುಖ ಬಾಡಿಸಿಕೊಳ್ಳುವ ಜೈನ ಮನೆತನ. ಹೊತ್ತು ಮುಳುಗುವ ಮೊದಲೇ ಊಟ. ಮಗಳು ಬಸ್ ಸ್ಟ್ಯಾಂಡಿನ ಹಿಂದಿನ ಗೇಮಿಂಗ್ ಸೆಂಟರಿಗೆ ಹೋಗಿ, ಮೂವತ್ತು ಮಂದಿಯನ್ನು ಕೆಡವಿ, ಕೈಕಾಲು ತೊಳೆದು, ಸೂರ್ಯ ಇಳಿಯುವುದರೊಳಗೆ ತಾಟಿನ ಮುಂದೆ ಕೂತಿರುತ್ತಾಳೆ. ಮೊದಮೊದಲು ನಾನು ಇದರ ವಿರುದ್ಧ ಎರಡು ಲೇಖನ ಬರೆದೆ. ಅಷ್ಟರಲ್ಲಿ ಪುಣೆಯ ಒಂದು ಹುಡುಗಿಯರ ಟೀಮಿನವರು ಅವಳ ಆಟ ನೋಡಿ ಕರೆದರು. ಟ್ರಯಲ್ ಆಡಬೇಕು; ಆರಿಸಿದರೆ ತಿಂಗಳ ಪಗಾರ; ಮನೆಯಿಂದಲೇ ದಿನಾ ಆಡಬೇಕು. ಒಂದೇ ಷರತ್ತು. ಮಷೀನು ಸ್ವಂತದ್ದಾಗಿರಬೇಕು, ಜೋರಿನದ್ದಾಗಿರಬೇಕು. ಟ್ರಯಲ್ ಒಂದೇ ಸಲ. ತಪ್ಪಿದರೆ ಆ ಜಾಗಕ್ಕೆ ನಾಶಿಕದ ಹುಡುಗಿ ಕಾಯುತ್ತಿದ್ದಾಳೆ.

"ಅಪ್ಪಾ, ಜಗತ್ತಿನ್ಯಾಗ ನನಗ ಬರೂದು ಇದೊಂದ," ಅಂದಳು ಪ್ರಾಜಕ್ತಾ. ನನ್ನ ಬಗ್ಗೆ ಅಷ್ಟು ಸತ್ಯ ನಾನು ಎಂದೂ ಬರೆದಿಲ್ಲ.

ಆಗ ನನಗೆ ಒಂದು ದಿವ್ಯ ಉಪಾಯ ಹೊಳೆಯಿತು. ನಾವು ಆಗಷ್ಟೇ ಮನೆಯ ಮೇಲೊಂದು ಅಂತಸ್ತು ಕಟ್ಟಿಸಿದ್ದೆವು, ವಾಸ್ತುಶಾಂತಿ ಹತ್ತಿರ ಬಂದಿತ್ತು. ವಾಸ್ತುಶಾಂತಿ ಅಂದರೆ ಆಯೇರಿ. ನಮ್ಮ ಕಡೆ ಆಯೇರಿ ಅಂದರೆ ಬಂಧುಗಳು ತರುವ ಉಡುಗೊರೆ ಅಂತ ಹೊರಗಿನವರು ತಿಳಿದಿದ್ದಾರೆ. ಶುದ್ಧ ಸುಳ್ಳು. ಅದು ಒಬ್ಬರ ಮಾನವನ್ನು ಇನ್ನೊಬ್ಬರ ಮಾನದ ಪಕ್ಕದಲ್ಲಿ ನಿಲ್ಲಿಸಿ ಎತ್ತರ ಅಳೆಯುವ ಶಾಸ್ತ್ರ. ಯಾರು ಏನು ತಂದರು ಎಂಬುದನ್ನು ಮೈಕಿನಲ್ಲಿ ಒದರುತ್ತಾರೆ. ಯಾರೂ ಉಡದ ಸೀರೆ, ಯಾರೂ ಒಲೆಗೇರಿಸದ ಪಾತೇಲಿ ಊರಿಂದೂರಿಗೆ ಆಯೇರಿಯಾಗಿ ಸಂಚರಿಸುತ್ತ, ಕಡೆಗೆ ಕೊಟ್ಟವರ ಮನೆಗೇ ವಾಪಸು ಬರುತ್ತವೆ. ಇದರ ಮೇಲೆ ನಾನು ಬೆಂಕಿಯಂಥ ಲೇಖನ ಬರೆದಿದ್ದೆ.

"ಸೀರಿ ಬ್ಯಾಡ, ಪಾತೇಲಿ ಬ್ಯಾಡ," ಎಂದು ಘೋಷಿಸಿದೆ. "ಈ ಸಲ ಆಯೇರಿ ಅಂದ್ರ ಮಷೀನಿನ ಸಾಮಾನು. ಪಾಲಬಾವಿ ಧರೆಪ್ಪಣ್ಣ ಪ್ರೊಸೆಸರ್ ತರಲಿ. ಕಾಗವಾಡದ ನಿನ್ನ ತಮ್ಮ ಸಂಜಯ ಗ್ರಾಫಿಕ್ಸ್ ಕಾರ್ಡ್ ತರಲಿ. ಉಳದದ್ದು ನಾ ನೋಡ್ಕೋತೀನಿ. ಇದು ಸಾಮಾಜಿಕ ಕ್ರಾಂತಿ."

ಜಿನಮತಿ ಬಟಾಣಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಕ್ರಾಂತಿ ಮಾಡೂದಕ್ಕಿಂತ ಮೊದ್ಲ ಪೋರಿನ್ನ ಕೇಳ್ರಿ, ಯಾವುದು ಎಷ್ಟ ಬೇಕು ಅಂತ."

ಕೇಳಿದೆ. ಪ್ರಾಜಕ್ತಾ ನನಗೆ ತಿಳಿಯುವ ಭಾಷೆಯಲ್ಲೇ ಹೇಳಿದಳು.

"ಅಪ್ಪಾ, ಪ್ರೊಸೆಸರ್ ಅಂದ್ರ ಒಳಗ ಅಡಗಿ ಮಾಡಾಂವ. ಕಾರ್ಡ್ ಅಂದ್ರ ಪಂಕ್ತ್ಯಾಗ ನೀಡಾಂವ. ಒಳಗ ಹತ್ತ ಮಂದಿ ಬುಂದಿ ಕರದು, ಹೊರಗ ನೀಡಾಂವ ಒಬ್ಬನ ಇದ್ರ ಪಂಕ್ತಿ ಬರೇ ಎಲಿ ನೋಡ್ಕೋತ ಕುಂದರತೈತಿ. ನಾ ಆಡೂ ಆಟಕ್ಕ ನೀಡಾಂವ ಗಟ್ಟಿ ಇರಬೇಕು. ರೊಕ್ಕದಾಗ ಕಾರ್ಡಿಗೆ ಎರಡ ಪಾಲ ಹಾಕ್ರಿ, ಪ್ರೊಸೆಸರಿಗೆ ಒಂದ ಪಾಲ. ಅದರಾಗ ಮೂರರಿಂದ ಒಂಬತ್ತರ ತನಕ ನಂಬರ ಇರತಾವ; ನಡುಗಿಂದು, ಐದು ನಂಬರಿಂದು ಸಾಕು."

ಇಷ್ಟು ಸ್ಪಷ್ಟವಾದ ಮಾತನ್ನು ಕೆಡಿಸಲು ನನ್ನಂಥ ತತ್ವಜ್ಞಾನಿಯೇ ಬೇಕಾಯಿತು.

ಸುದ್ದಿ ಪಾಲಬಾವಿಗೆ ಮುಟ್ಟಿದ ಮರುದಿನವೇ ಧರೆಪ್ಪಣ್ಣ ಬಂದ. ನನ್ನ ಅಣ್ಣನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಒಂದು ಮದುವೆಯಲ್ಲಿ ಅವನ ಫ್ರಿಜ್ಜಿನ ಹೆಸರನ್ನು ಇನ್ಯಾರದೋ ಕಪಾಟಿನ ನಂತರ ಒದರಿದರೆಂದು, ಆ ಫ್ರಿಜ್ಜನ್ನು ಒಳಗಿಟ್ಟಿದ್ದ ಪೇಢೆ ಸಮೇತ ಟೆಂಪೋಕ್ಕೆ ಹೇರಿಸಿಕೊಂಡು ವಾಪಸು ಹೋದವನು. (ನಮ್ಮ ಪತ್ರಿಕೆ ಪಾಲಬಾವಿಗೆ ಹೋಗುವುದಿಲ್ಲ. ಹೋದರೂ ಅಣ್ಣ ಓದುವುದು ಮರಾಠಿ ಪೇಪರು. ಈ ಧೈರ್ಯದ ಮೇಲೆಯೇ ನಾನು ಇದನ್ನು ಬರೆಯುತ್ತಿರುವುದು.)

"ತಮ್ಮಾ, ನಾ ಹಿರ್ಯಾಂವ ಹೌದೋ ಅಲ್ಲೋ?" ಅಂದ, ಚಪ್ಪಲಿ ಬಿಡುವ ಮೊದಲೇ.

"ಹಿರ್ಯಾಂವ ಅಣ್ಣಾ."

"ಕಾಗವಾಡದಾಂವ ಎರಡ ಪಾಲ ಕೊಡಾಂವ, ನಾ ಒಂದ ಪಾಲ. ಮೈಕಿನ್ಯಾಗ ಒದರಿದ ಮ್ಯಾಲ ನಾ ಊರಾಗ ಮುಖ ಹೆಂಗ ತೋರಸ್ಲಿ?"

"ಅದು ಮಷೀನಿನ ಪಾಲ ಅಣ್ಣಾ, ಮಾನದ್ದಲ್ಲ. ಮಷೀನಿಗೇನ ತಿಳೀತೈತಿ?"

"ಮಷೀನಿಗೆ ತಿಳಿಯೂದಿಲ್ಲೋ, ಮಂದಿಗೆ ತಿಳೀತೈತಿ."

ನಾನು ಕಣ್ಣು ಮುಚ್ಚಿ ವಿಚಾರ ಮಾಡಿದೆ. ಕಣ್ಣು ತೆರೆದಾಗ ನನ್ನ ಬಾಯಿಂದ ಬಂದ ಶಬ್ದ "ಸಮಪಾಲು". ಪ್ರೊಸೆಸರಿಗೆ ಎಷ್ಟೋ ಕಾರ್ಡಿಗೂ ಅಷ್ಟೇ. ಯಾರೂ ಮೇಲಲ್ಲ, ಯಾರೂ ಕೀಳಲ್ಲ. ಎಂಥ ಸುಂದರ ನ್ಯಾಯ! ನನಗೇ ಕಣ್ಣಲ್ಲಿ ನೀರು ಬಂತು. ಅಣ್ಣನೂ "ಆತು" ಎಂದು ಒಪ್ಪಿ ಊರಿಗೆ ಹೋದ. ಕೂಡಲೇ ಸಂಜಯನಿಗೆ ಫೋನು ಮಾಡಿದೆ.

"ದಾಜಿ, ಪ್ರಾಜಕ್ತಾ ಹೇಳಿದ ಕಾರ್ಡಿಗೆ ನಾ ಹೇಳಿ ಬಿಟ್ಟೇನ್ರಿ," ಅಂದ ಅವನು. ಅಕ್ಕನ ಗಂಡನೆಂದು ನನ್ನನ್ನು ದಾಜಿ ಅನ್ನುವುದು ಅವನ ರೂಢಿ. "ಈ ಸಲ ದ್ರಾಕ್ಷಿಗೆ ಛಲೋ ದರಾ ಸಿಕ್ಕೇತಿ. ಇರೂದ ಒಬ್ಬಾಕಿ ಸೊಸಿ, ಅಕ್ಕನ ಮಗಳು."

"ಅದನ್ನ ರದ್ದ ಮಾಡಪಾ. ಎರಡ ಮೆಟ್ಟಲಾ ಕೆಳಗಿಂದು ತಗೋ. ತತ್ವದ ಪ್ರಶ್ನೆ ಐತಿ."

"ತತ್ವ ಹಾಕಿದ್ರ ಮಷೀನ ಓಡತೈತೇನ್ರಿ?"

"ನೀ ತೋಟದಾಂವ. ನಿನಗ ತಿಳಿಯೂದಿಲ್ಲ."

"ಆತ್ರಿ. ನಿಮ್ಮ ಮನಿ, ನಿಮ್ಮ ತತ್ವ," ಅಂದು ಫೋನಿಟ್ಟ.

ಜಿನಮತಿ ಬಾಗಿಲಲ್ಲೇ ನಿಂತಿದ್ದಳು.

"ಲಗ್ನಾ ಆದಾಗ ನನ್ನ ತವರಮನಿಯವ್ರು ಕಡಿಮಿ ತಂದ್ರು ಅಂತ ನಿಮ್ಮ ಮಂದಿ ಆಡಿಕೊಂಡ್ರು. ಈಗ ಹೆಚ್ಚಿಗಿ ತರತೀನಿ ಅಂದ್ರ ನೀವು ಕೈ ಹಿಡೀತೀರಿ. ನಾವು ಯಾವಾಗ ಸರಿಯಾಗಿ ತರಬೇಕ್ರಿ?"

"ಇದು ಸಮಾನತೆ ಜಿನಮತಿ."

"ಹೂಂ. ಬಟಾಣಿ ಸುಲೀರಿ ಹಂಗಾರ," ಎಂದು ಬುಟ್ಟಿ ನನ್ನ ಮುಂದೆ ಸರಿಸಿ ಹೋದಳು. (ನಾನು ಸುಲಿಯಲಿಲ್ಲ. ಲೇಖನಕ್ಕೆ ಹೊತ್ತಾಗಿತ್ತು.)

ವಾಸ್ತುಶಾಂತಿಯ ದಿನ ಬಂತು. ಮೈಕು ಹಿಡಿದವನು ನಮ್ಮ ಓಣಿಯ ಲಗಮಣ್ಣ. ಅವನ ದನಿಗೆ ಮೈಕು ಬೇಕಿಲ್ಲ, ಮೈಕಿಗೇ ಅವನು ಬೇಕು. ಸಂಜಯ ತಂದ ಕಾರ್ಡಿನ ಡಬ್ಬಿಗೆ ಕುಂಕುಮ ಹಚ್ಚಿ, ಕುಪ್ಪಸದ ಖಣ ಹೊದಿಸಿ, ತೆಂಗಿನಕಾಯಿ ಇಟ್ಟು ತಾಟಿನಲ್ಲಿ ತಂದರು. "ಕಾಗವಾಡದ ಸಂಜಯ ಅವರಿಂದ ಕಾರ್ಡ್!" ಅಂದ ಲಗಮಣ್ಣ, ಅಷ್ಟೇ. ಹಿಂದಿನಿಂದ ಒಬ್ಬ ಅಜ್ಜ, "ಯಾರ ಲಗ್ನದ್ದೋ?" ಎಂದು ಕೇಳಿದ. ಎಲ್ಲರೂ ನಕ್ಕರು. ಸಂಜಯನೂ ನಕ್ಕ. ಅವನ ಅಕ್ಕ ನಗಲಿಲ್ಲ.

ಆಮೇಲೆ ಧರೆಪ್ಪಣ್ಣನ ತಾಟು. ಲಗಮಣ್ಣನ ಕೈಗೆ ಅಣ್ಣ ಮೊದಲೇ ಒಂದು ಚೀಟಿ ಕೊಟ್ಟಿದ್ದ. "ಪಾಲಬಾವಿಯ ಶ್ರೀಮಾನ್ ಧರೆಪ್ಪಾ ಅವರಿಂದ ಪ್ರೊಶೇಸರ್! ಒಂಬತ್ತ ನಂಬರಿಂದು! ಇದರ ಮ್ಯಾಲ ಇನ್ನೊಂದು ಇಲ್ಲಾ!" ಮಂದಿ ಚಪ್ಪಾಳೆ ಹೊಡೆದರು. ಪ್ರೊಸೆಸರ್ ಅಂದರೆ ಏನೆಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಇದರ ಮೇಲೆ ಇನ್ನೊಂದಿಲ್ಲ ಎಂಬುದು ಮಾತ್ರ ಎಲ್ಲರಿಗೂ ತಿಳಿಯಿತು.

ಸಮಪಾಲು ಎಂದು ಒಪ್ಪಿಕೊಂಡ ನನ್ನ ಅಣ್ಣ ಗುಟ್ಟಾಗಿ ತುತ್ತತುದಿಗೆ ಹೋಗಿದ್ದ. ನಾನು ಎದ್ದು ನಿಂತು ಏನಾದರೂ ಅನ್ನಬೇಕಿತ್ತು. ಪುರಸಭೆಯ ಅಧ್ಯಕ್ಷನಿಗೆ ಅಂದವನು ನಾನು! ಬುಂದಿ ಬಡಿಸುವವರು ಬಂದರು, ಇನ್ನೆರಡು ಸೌಟು ಹಾಕಿಸಿಕೊಂಡೆ.

ನಿಪ್ಪಾಣಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಮಾಳೇಶ ಬಂದು ಮಷೀನು ಜೋಡಿಸಿಕೊಟ್ಟ. ಮೇಲಿನ ಹೊಸ ಕೋಣೆಯಲ್ಲಿ ಅದು ಕೆಂಪು ಹಸಿರು ದೀಪ ಹಚ್ಚಿಕೊಂಡು ಮದುವೆ ಮಂಟಪದ ಹಾಗೆ ಕೂತಿತು. ಪ್ರಾಜಕ್ತಾ ಆಟ ಹಚ್ಚಿದಳು. ಶತ್ರು ಬಂದ, ನಿಂತ, ಕಲ್ಲಾದ. ಮತ್ತೆ ನೋಡಿದರೆ ಇನ್ನೆಲ್ಲೋ ಇದ್ದ. ನಡುವಿನ ದಾರಿಯನ್ನು ಅವನು ಯಾವಾಗ ನಡೆದ ಎಂಬುದು ದೇವರಿಗೇ ಗೊತ್ತು. ಅಷ್ಟರಲ್ಲಿ ನನ್ನ ಮಗಳು ಸತ್ತು ಬಿದ್ದಿದ್ದಳು.

"ನೋಡ ಅಪ್ಪಾ. ಅಡಗಿ ಮನ್ಯಾಗ ಹತ್ತ ಮಂದಿ ಕೈ ಕಟಗೊಂಡ ನಿಂತಾರ. ಹೊರಗ ನೀಡಾಂವ ಒಬ್ಬಾಂವ ಓಡಿ ಓಡಿ ಸಾಯಾಕತ್ತಾನ."

"ಸ್ವಲ್ಪ ರೂಢಿ ಆದ್ರ ಸರಿ ಹೋದೀತು."

"ಮಷೀನಿಗೆ ಏನ್ ರೂಢಿ ಆಗತೈತಿ? ಬರೂ ಆಯ್ತವಾರ ಟ್ರಯಲ್ ಐತಿ. ದೊಡ್ಡಪ್ಪನ ಪ್ರೊಸೆಸರ್ ಕೊಟ್ಟು ನಡುಗಿಂದು ತರೂಣು. ಉಳದ ರೊಕ್ಕಾ ಕಾರ್ಡಿಗೆ ಹಾಕೂಣು."

"ಮೈಕಿನ್ಯಾಗ ಒದರಿದ್ದನ್ನ ಬದ್ಲಿ ಮಾಡಾಕ ಬರೂದಿಲ್ಲ," ಅಂದೆ. ಆ ಮಾತು ನನ್ನ ಬಾಯಿಂದ ಬಂದದ್ದೇ ಎಂದು ನನಗೇ ಸಂಶಯವಾಯಿತು. "ನಿಮ್ಮ ದೊಡ್ಡಪ್ಪಗ ಗೊತ್ತಾತಂದ್ರ ಮಷೀನ ಹೊತಗೊಂಡ ಹೊಕ್ಕಾನ."

ಜಿನಮತಿ ಒಗೆದ ಅರಿವೆ ಹಿಡಿದು ಮೆಟ್ಟಿಲೇರಿ ಬಂದಿದ್ದಳು. ಒಂದೊಂದನ್ನೇ ಜಾಡಿಸುತ್ತ ಮಾತಾಡಿದಳು.

"ಸಮಾನತೆ ಅಂದ್ರಿ. ನನ್ನ ತಮ್ಮಗ ಇಳಿ ಅಂದ್ರಿ. ಅಂವ ಇಳದ. ನಿಮ್ಮಣ್ಣ ಏರಿದ. ಅಂವಗ ಇಳಿ ಅಂದ್ರೇನು?"

"ಅವನು ಹಿರಿಯ..."

"ಹಾಂ. ಹಂಗ ಬರೀರಿ ಪೇಪರಿನ್ಯಾಗ. ಕಿರಿಯಾವ್ರಿಗೆ ಸಮಾನತೆ, ಹಿರಿಯಾವ್ರಿಗೆ ರಿಯಾಯತಿ."

ಓದುಗರೇ, ನಾನು ಕೆಳಗೆ ಹೋಗಿ ಪುರಸಭೆಯ ಗಟಾರಿನ ಮೇಲೆ ಲೇಖನ ಬರೆದೆ. ಗಟಾರು ತಿರುಗಿ ಮಾತಾಡುವುದಿಲ್ಲ.

ವಾಸ್ತುಶಾಂತಿಗೆ ಬಂದಿದ್ದ ವೈನಿ, ಅಂದರೆ ಧರೆಪ್ಪಣ್ಣನ ಹೆಂಡತಿ ಕಸ್ತೂರೆವ್ವ, ಅಣ್ಣ ಊರಿಗೆ ಹೋದಮೇಲೂ ನಮ್ಮಲ್ಲೇ ಉಳಿದಿದ್ದಳು. ಗುರುವಾರ ಅವಳೂ ಜಿನಮತಿಯೂ ಬಳೆ ಇಡಿಸಿಕೊಳ್ಳಲು ನಿಪ್ಪಾಣಿಗೆ ಹೋಗುತ್ತೇವೆಂದರು. ಪ್ರಾಜಕ್ತಾಳೂ ಬ್ಯಾಗು ಹೆಗಲಿಗೇರಿಸಿ ಹೊರಟಳು. ಸಂಜೆ ಬಂದಾಗ ಮೂವರ ಕೈಯಲ್ಲೂ ಹೊಸ ಬಳೆ ಇರಲಿಲ್ಲ.

"ಬಳಿ ಎಲ್ಲಿ?" ಅಂದೆ.

"ಅಳತಿ ಸಿಗಲಿಲ್ರಿ," ಅಂದಳು ವೈನಿ.

ಮೂವರ ಮೂರು ಅಳತೆಯೂ ಇಡೀ ನಿಪ್ಪಾಣಿಯಲ್ಲಿ ಸಿಗಲಿಲ್ಲವೇ? ಒಬ್ಬ ಪತ್ರಕರ್ತನಿಗೆ ಬರಬೇಕಾದ ಪ್ರಶ್ನೆ. ಬರಲಿಲ್ಲ. ವ್ಯಾಪಾರಿಗಳ ಅದಕ್ಷತೆಯ ಬಗ್ಗೆ ನಾಲ್ಕು ಸಾಲು ಹೊಳೆದವು, ಅಷ್ಟೇ.

ಆಯ್ತವಾರ ಟ್ರಯಲ್. ನಾನು ಹಿಂದೆ ನಿಂತು ನೋಡಿದೆ. ಏನು ಹೇಳಲಿ! ನಮ್ಮ ಹುಡುಗಿ ಪರದೆಯ ಮೇಲೆ ನೀರಿನ ಹಾಗೆ ಹರಿದಳು. ಶತ್ರುಗಳು ಕಲ್ಲಾಗಲಿಲ್ಲ, ಬಂದವರು ಬಂದ ಹಾಗೇ ಹೋದರು. ಮಗಳ ಹೆಡ್‌ಫೋನಿನೊಳಗಿಂದ ಪುಣೆಯ ಹೆಂಗಸೊಬ್ಬಳು ಮರಾಠಿಯಲ್ಲಿ ಕಿರುಚಿದ್ದು ನನಗೂ ಕೇಳಿಸಿತು. ಪ್ರಾಜಕ್ತಾ ಕುರ್ಚಿಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಟೀಮಿನಲ್ಲಿ ಜಾಗ ಸಿಕ್ಕಿತ್ತು.

"ಇಷ್ಟ ಛಲೋ ಹೆಂಗ ಓಡಿತು?" ಅಂದೆ.

ಅವಳು ಅವ್ವನ ಮುಖ ನೋಡಿ, "ಅಲ್ಲಿ ಒಂದಿಷ್ಟು ಸೆಟ್ಟಿಂಗ್ ಬದ್ಲಿ ಮಾಡೇನಿ ಅಪ್ಪಾ," ಅಂದಳು.

ಸೆಟ್ಟಿಂಗಂತೆ! ಕಾರಣ ನನಗೆ ಗೊತ್ತಿತ್ತು. ಅದೇ ವಾರದ ನನ್ನ ಲೇಖನದ ತಲೆಬರಹ: 'ಸಮಪಾಲಿನ ಜಯ'. ಅಣ್ಣನೂ ಮೈದುನನೂ ಸಮವಾಗಿ ಕೊಟ್ಟದ್ದರಿಂದಲೇ ಮಗಳು ಗೆದ್ದಳೆಂದೂ, ಈ ತತ್ವವನ್ನು ಮಂತ್ರಿಮಂಡಲ ಅನುಸರಿಸಬೇಕೆಂದೂ ಬರೆದೆ. ಸಂಪಾದಕರು ನನ್ನ ಫೋಟೋವನ್ನು ಮೊದಲಿಗಿಂತ ದೊಡ್ಡದಾಗಿ ಹಾಕಿದರು.

ಗೆಲುವಿನ ಸುದ್ದಿ ಕೇಳಿ ಧರೆಪ್ಪಣ್ಣ ಬಂದೇಬಿಟ್ಟ. ಜೊತೆಗೆ ಪಾಲಬಾವಿಯ ಇಬ್ಬರು ಹಿರಿಯರು, ಸಾಕ್ಷಿಗೆ. ಮೂವರೂ ಮೇಲಿನ ಕೋಣೆಯ ಸೋಫಾದಲ್ಲಿ ಕೂತರು.

"ಎಲ್ಲಿ, ನನ್ನ ಪ್ರೊಶೇಸರ್ ತೋರಸ್ರಿ ಇವ್ರಿಗೆ," ಅಂದ.

"ಅದು ಒಳಗ ಫ್ಯಾನಿನ ಬುಡಕ ಇರತೈತಿ ದೊಡ್ಡಪ್ಪಾ. ಕಾಣೂದಿಲ್ಲ," ಅಂದಳು ಪ್ರಾಜಕ್ತಾ.

"ಬಿಚ್ಚಿ ತೋರಸ."

"ಬಿಚ್ಚಬ್ಯಾಡ್ರಿ!" ಎಂದು ವೈನಿ ಒಮ್ಮೆಲೇ ಕೂಗಿದಳು. "ಕೊಟ್ಟಿದ್ದನ್ನ ಹೊಟ್ಟಿ ಸೀಳಿ ನೋಡ್ತಾರೇನ್ರಿ? ಮಂದಿ ನಕ್ಕಾರು."

"ಕರೆಂಟ್ ಹೊಡೀತೈತ್ರಿ ಭಾವಾರ," ಅಂದಳು ಜಿನಮತಿ. ಭಾವನ ಎದುರು ದನಿ ಎತ್ತಿದವಳಲ್ಲ ಅವಳು. ನನಗೆ ಸೋಜಿಗವಾಯಿತು, ಸತ್ಯವನ್ನು ಬಿಚ್ಚಿ ತೋರಿಸಲು ಈ ಹೆಂಗಸರಿಗೆ ಯಾಕಿಷ್ಟು ಹೆದರಿಕೆ?

"ಬಿಚ್ಚೂದು ಯಾಕ ಬೇಕು?" ಎಂದು ನಾನು ಮುಂದಾದೆ. "ಕಂಪ್ಯೂಟರಿನ ಒಳಗ ಏನ ಐತಿ ಅನ್ನೂದನ್ನ ಕಂಪ್ಯೂಟರ ಹೇಳತೈತಿ. ಮಾಳೇಶ ನನಗ ತೋರಿಸ್ಯಾನ. ನಾನ ಓದತೀನಿ ತಡೀರಿ."

"ಓದೋ ತಮ್ಮಾ, ಜೋರಾಗಿ ಓದು," ಎಂದು ಅಣ್ಣ ಸೋಫಾದಲ್ಲಿ ಹಿಂದಕ್ಕೆ ಒರಗಿದ.

ನಾನು ಚಷ್ಮಾ ಏರಿಸಿ, ಮಾಳೇಶ ತೋರಿಸಿದ ಕಡೆ ಒತ್ತಿದೆ. ಸಾಸಿವೆ ಕಾಳಿನಂಥ ಅಕ್ಷರಗಳು ಮೂಡಿದವು. ಸೋಫಾದಲ್ಲಿದ್ದವರಿಗೆ ಕಾಣುವ ಹಾಗಿರಲಿಲ್ಲ. ಮೂಗು ತಾಗಿಸಿ ನೋಡಿದೆ.

ಪ್ರೊಸೆಸರಿನ ಹೆಸರಿನ ಮುಂದೆ ಇದ್ದದ್ದು ಐದು.

ಕಣ್ಣುಜ್ಜಿ ನೋಡಿದೆ. ಐದೇ. ಕೆಳಗೆ ಕಾರ್ಡಿನ ಹೆಸರು. ನಾನು ಸಂಜಯನಿಗೆ ರದ್ದು ಮಾಡು ಅಂದಿದ್ದೆನಲ್ಲ, ಅದೇ ಕಾರ್ಡು. ತಿರುಗಿದೆ. ಪ್ರಾಜಕ್ತಾಳ ಮುಖದಲ್ಲಿ ರಕ್ತವಿರಲಿಲ್ಲ. ವೈನಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಜಿನಮತಿ ಮಾತ್ರ ನನ್ನನ್ನೇ ನೋಡುತ್ತಿದ್ದಳು, ರೆಪ್ಪೆ ಬಡಿಯದೆ. ಹೊಸ ಬಳೆಯಿಲ್ಲದ ಆ ಮೂರು ಜೋಡಿ ಕೈಗಳನ್ನು ನಾನು ಆಗ ನೋಡಿದೆ. ನಿಪ್ಪಾಣಿಯ ಮಾಳೇಶ ವೈನಿಯ ಸ್ವಂತ ಅಣ್ಣನ ಮಗ ಎಂಬುದೂ ಆಗಲೇ ನೆನಪಾಯಿತು. ಅತ್ತೆ ಬಂದು ಕೇಳಿದರೆ ಯಾವ ಅಂಗಡಿಯವನು ಬದಲಿ ಕೊಡುವುದಿಲ್ಲ?

"ಏನ ಐತೋ? ಬಾಯಾಗ ಬೆಲ್ಲಾ ಇಟಗೊಂಡಿಯೇನು?" ಅಂದ ಅಣ್ಣ.

ನಾನು 'ಐದು' ಅಂದರೆ ಟೆಂಪೋ ಬರುತ್ತದೆ. ಫ್ರಿಜ್ಜಿನ ಹಾಗೆ ಮಷೀನು ಪಾಲಬಾವಿಗೆ ಹೋಗುತ್ತದೆ. ನಾಳೆ ಬೆಳಿಗ್ಗೆ ಟೀಮಿನ ಮೊದಲ ಆಟ. ಮಗಳ ಕುರ್ಚಿಯಲ್ಲಿ ನಾಶಿಕದ ಹುಡುಗಿ ಕೂರುತ್ತಾಳೆ.

"ಒಂಬತ್ತು," ಅಂದೆ.

"ಇನ್ನೊಮ್ಮೆ ಓದು. ಈ ಕಾಕಾಗ ಕಿವಿ ಮಂದ."

"ಒಂಬತ್ತು!" ನನ್ನ ದನಿ ಲಗಮಣ್ಣನದನ್ನು ಮೀರಿಸಿತು.

ಅಣ್ಣ ತೊಡೆ ತಟ್ಟಿದ. "ಕೇಳಿದ್ರೇನು? ಅದು ನೋಡ್ರಿ ಜೋರು! ಜಿನಮತೀ, ಬ್ಯಾಸರಾ ಮಾಡ್ಕೋಬ್ಯಾಡವಾ. ನಿನ್ನ ತಮ್ಮ ತಂದದ್ದು ಸಣ್ಣ ಕಾರ್ಡ್ ಇದ್ರೂ, ನನ್ನ ಪ್ರೊಶೇಸರ್ ಅದನ್ನ ಎಳಕೊಂಡ ಹೋತು."

ಇಡೀ ಆಟವನ್ನು ಗೆದ್ದುಕೊಟ್ಟ ಕಾರ್ಡಿನ ಅಕ್ಕ, "ಹೌದ್ರಿ ಭಾವಾರ, ನಿಮ್ಮ ಆಶೀರ್ವಾದ," ಅಂದಳು. ಅಷ್ಟು ಮೆತ್ತಗೆ ಅಂದದ್ದಕ್ಕೆ ಅಣ್ಣನಿಗೆ ಕಣ್ಣು ತುಂಬಿ ಬಂತು. ನಾನು ಪರದೆಯ ಕಡೆ ಮುಖ ಮಾಡಿಕೊಂಡೆ.

ಅವರು ವೈನಿಯನ್ನು ಕರೆದುಕೊಂಡು ಹೋದ ಮೇಲೆ ಅಡುಗೆಮನೆಗೆ ಹೋದೆ.

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಏನ ಮಾಡ್ತಿದ್ರಿ?"

"ಖರೇ ಏನೈತಿ ಅದನ್ನ ಬರೀತಿದ್ದೆ."

"ಅದಕ್ಕ ಹೇಳಲಿಲ್ಲ," ಎಂದು ಅವಳು ಹಿಟ್ಟು ನಾದಿದಳು. "ಸಂಜ್ಯಾಗ ಅಷ್ಟ ಹೇಳೇನಿ, ಅವನ ಹೆಸರಿಗೆ ಇಷ್ಟ ದೊಡ್ಡ ಕಾರ್ಡ್ ಬಂದೈತಿ ಅಂತ. ಅಂವ ಬರೇ ನಕ್ಕಾನ. ಉಳದ ಊರಿಗೆಲ್ಲಾ ಅಂವ ಸಣ್ಣಾಂವನ ಉಳದ. ಅದನ್ನೂ ನೀವ ಬರದೀರಿ, ಅಚ್ಚಾಗೇತಿ."

ಮೇಲೆ ಹೋದೆ. ಪ್ರಾಜಕ್ತಾ ಮೈಕಿದ್ದ ಹೆಡ್‌ಫೋನು ಕಿವಿಗೆ ಹಾಕಿಕೊಂಡು, ಮರಾಠಿಯಲ್ಲಿ ಯಾರಿಗೋ ಎಡಕ್ಕೆ ಹೋಗು, ಬಲಕ್ಕೆ ಹೋಗು ಎಂದು ಹುಕುಂ ಮಾಡುತ್ತಿದ್ದಳು. ಪುಣೆಯ ಹುಡುಗಿಯರು ನನ್ನ ಮಗಳು ಹೇಳಿದ ಹಾಗೆ ಕೇಳುತ್ತಿದ್ದರು. ಬಾಗಿಲಲ್ಲಿ ನಿಂತು ನೋಡಿದೆ. ಏನಾದರೂ ಅನ್ನಬೇಕು ಅನ್ನಿಸಿತು. ಗಂಟಲು ಸರಿಮಾಡಿಕೊಂಡೆ.

ಅವಳು ಪರದೆಯಿಂದ ಕಣ್ಣು ಕೀಳದೆ, ಒಂದು ಕೈ ಮಾತ್ರ ಹಿಂದಕ್ಕೆ ಆಡಿಸಿದಳು.

"ಅಪ್ಪಾ, ಬಾಗಲಾ ಮುಂದ ಮಾಡ್ಕೊಂಡ ಹೋಗ. ನಿನ್ನ ಸದ್ದು ಮೈಕಿನ್ಯಾಗ ಬರಾಕತ್ತೈತಿ."